ಸ್ಪಾರ್ಕ್ ಪ್ಲಗ್ ಪರೀಕ್ಷಿಸುವ ದೀಪದ ಭೂತಗನ್ನಡಿ: ಹಳೆಯ ಕಾರಿನವರಿಗೆ ಉಪಯುಕ್ತವೇ?

ಪುರಾತನ ಕಾರಿನ ಎಂಜಿನ್ನಿನಲ್ಲಿ ಪೆಟ್ರೋಲ್ ಹೇಗೆ ಉರಿಯುತ್ತಿದೆ ಎಂಬುದನ್ನು ತಿಳಿಯಲು ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡುವುದೇ ಉತ್ತಮ ಮಾರ್ಗವಾಗಿದ್ದು, ಅದಕ್ಕೆಂದೇ ತಯಾರಾದ ಈ ದೀಪದ ಭೂತಗನ್ನಡಿ ಖಂಡಿತವಾಗಿ ಕೊಳ್ಳಲು ಯೋಗ್ಯವಾಗಿದೆ.

ಪ್ಲಗ್ಗಿನ ತುದಿಯಲ್ಲಿ ಒಣಗಿದ, ಮಖಮಲ್ಲಿನಂಥ ಮಸಿ ಇದ್ದರೆ ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ. ಜಿಡ್ಡಾದ ಹಸಿ ಕಪ್ಪು ಇದ್ದರೆ ಸವೆದ ಪಿಸ್ಟನ್ ರಿಂಗ್ (ಪಿಸ್ಟನ್ನಿನ ಸುತ್ತಲಿನ ಬಳೆ) ಅಥವಾ ವಾಲ್ವ್ ಗೈಡ್ (ವಾಲ್ವ್ ಚಲಿಸುವ ಕೊಳವೆ) ಮೂಲಕ ಆಯಿಲ್ ಒಳಬರುತ್ತಿರಬಹುದು. ಇಷ್ಟನ್ನು ಬರಿಗಣ್ಣಿನಿಂದಲೂ ಗುರುತಿಸಬಹುದು. ಆದರೆ ಪ್ಲಗ್ಗಿನ ನಡುವಿನ ಬಿಳಿ ಪಿಂಗಾಣಿಯ ಆಳದಲ್ಲಿ, ಲೋಹದ ಕವಚದೊಳಗೆ ಅಡಗಿರುವ ತೆಳುವಾದ ಮಸಿಯ ಉಂಗುರವಾಗಲಿ, ಅತಿಯಾದ ಶಾಖಕ್ಕೆ ಬಿಳಿಚಿದ ಪಿಂಗಾಣಿಯ ಮೇಲಿನ ಸೂಕ್ಷ್ಮ ಗುಳ್ಳೆಗಳಾಗಲಿ, ಎಂಜಿನ್ ನಾಕ್ ಆಗಿ (ಮಿಶ್ರಣ ಅಂಕೆತಪ್ಪಿ ಸಿಡಿದು) ಪಿಸ್ಟನ್ನಿನಿಂದ ಕಳಚಿ ಅಂಟಿಕೊಂಡ ಅಲ್ಯೂಮಿನಿಯಂ ಕಣಗಳಾಗಲಿ ಈ ಭೂತಗನ್ನಡಿಯಲ್ಲೇ ಸ್ಪಷ್ಟವಾಗಿ ಕಾಣುತ್ತವೆ, ಮತ್ತು ಎಂಜಿನ್ನನ್ನು ಉಳಿಸುವ ಎಚ್ಚರಿಕೆಗಳೂ ಇವೇ. ದೀಪದ ಬೆಳಕು ಬಿಳಿಯಾಗಿರುವುದರಿಂದ ಬಣ್ಣ ಮೋಸಮಾಡುವುದಿಲ್ಲ.

ಪ್ಲಗ್ಗಿನ ಬಣ್ಣವನ್ನು ಹೋಲಿಸಿ ನೋಡಲು ಜೊತೆಗೆ ಬರುವ ಬಣ್ಣದ ಪಟ್ಟಿ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅದು ಆದರ್ಶವೆಂದು ತೋರಿಸುವ ಗಾಢ ಕಂದು ಬಣ್ಣವು 1923ರಲ್ಲಿ ಮಾರುಕಟ್ಟೆಗೆ ಬಂದ ಸೀಸಮಿಶ್ರಿತ ಪೆಟ್ರೋಲಿನ ಕಾಲಕ್ಕೆ ಸೇರಿದ್ದು. ಸೀಸರಹಿತ ಪೆಟ್ರೋಲಿನಲ್ಲಿ ಸರಿಯಾಗಿ ಉರಿಯುವ ಪ್ಲಗ್ ಇನ್ನೂ ತಿಳಿಯಾಗಿ ಕಾಣುತ್ತದೆ. ಪಟ್ಟಿಯನ್ನೇ ನಂಬಿ, ಬಣ್ಣ ಗಾಢವಾಗಲೆಂದು ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ರಂಧ್ರ) ದೊಡ್ಡದು ಮಾಡಬೇಡಿ.

ಬಹಳ ಹೊತ್ತು ಐಡ್ಲಿಂಗಿನಲ್ಲಿದ್ದ (ಕಾರು ನಿಂತಿದ್ದೇ ಓಡುತ್ತಿದ್ದ) ಎಂಜಿನ್ನಿನ ಪ್ಲಗ್ ಆ ಐಡ್ಲಿಂಗಿನ ಮಸಿಯನ್ನಷ್ಟೇ ತೋರಿಸುವುದರಿಂದ, ಏರಿನಲ್ಲಿ ಭಾರ ಎಳೆದ ಕೂಡಲೇ, ಸುರಕ್ಷಿತ ಸ್ಥಳದಲ್ಲಿ ಎಂಜಿನ್ ಆರಿಸಿ ಪ್ಲಗ್ ತೆಗೆದು ನೋಡಬೇಕು.