ಜೆಮ್ ಡೆಸ್ಕ್‌ಟಾಪ್: ಹಾಕೋದಾದ್ರೆ ಮೊದಲನೇ ವರ್ಷನ್ನೇ ಹಾಕಿ

ಎರಡು ವಾರದಿಂದ ಡಾಸ್ ಎಮ್ಯುಲೇಟರ್ (ಹಳೇ ಪಿಸಿಗಳ ಡಾಸ್ ಆಪರೇಟಿಂಗ್ ಸಿಸ್ಟಮ್ಮನ್ನ ಈಗಿನ ಕಂಪ್ಯೂಟರಲ್ಲಿ ಓಡಿಸೋ ಪ್ರೋಗ್ರಾಂ) ಒಳಗೆ ಜೆಮ್ ಹಾಕ್ಕೊಂಡು ನೋಡ್ತಾ ಇದೀನಿ, ಮೊದಲನೇ ವರ್ಷನ್ನೂ ಅದಾದ್ಮೇಲೆ ಬಂದ ಜೆಮ್/2 ಕೂಡ. ಸಿಪಿ/ಎಂ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್ ಬರೆದ ಗ್ಯಾರಿ ಕಿಲ್ಡಾಲ್ ಅವರ ಡಿಜಿಟಲ್ ರಿಸರ್ಚ್ ಕಂಪನಿ 1985ರ ಶುರುವಲ್ಲಿ ಬಿಟ್ಟ, ಡಾಸ್ ಮೇಲೆ ಐಕಾನ್, ವಿಂಡೋ, ಮೌಸ್ ಇಟ್ಕೊಂಡು ಕೆಲಸ ಮಾಡೋ ಸಾಫ್ಟ್‌ವೇರ್ ಇದು, ಅಂದ್ರೆ ವಿಂಡೋಸ್ 1.0 ಅಂಗಡಿಗೆ ಬರೋಕೆ ಇನ್ನೂ ಎಂಟೊಂಬತ್ತು ತಿಂಗಳಿತ್ತು.

ಆನ್ ಮಾಡಿದ ತಕ್ಷಣ ಖುಷಿಯಾಗುತ್ತೆ. ಡ್ರೈವ್‌ಗಳ ಐಕಾನ್, ಕೆಳಗೆ ಕಸದ ಬುಟ್ಟಿ, ಒಂದರ ಮೇಲೊಂದು ಕೂರೋ ವಿಂಡೋಗಳು, ಎಳೆದು ಎಲ್ಲಿ ಬೇಕಾದ್ರೂ ಇಡಬಹುದು. ಆ ವಿಂಡೋಸ್ 1.0ನಲ್ಲಿ ಇದೂ ಇರಲಿಲ್ಲ, ಅಲ್ಲಿ ಕಿಟಕಿಗಳು ಟೈಲ್ಸ್ ಥರ ಪಕ್ಕಪಕ್ಕ ಕೂರ್ತಿದ್ವು ಅಷ್ಟೇ. ಮೆನು ಮೇಲೆ ಮೌಸ್ ತಗೊಂಡು ಹೋದ್ರೆ ಸಾಕು, ಕ್ಲಿಕ್ ಮಾಡದೇನೇ ತೆರ್ಕೊಳ್ಳುತ್ತೆ, ಮೊದಲ ದಿನ ಕಿರಿಕಿರಿ ಆಯ್ತು ಆಮೇಲೆ ಅದೇ ಅಭ್ಯಾಸ ಆಗೋಯ್ತು. ಒಂದು ವಿಷ್ಯ ನೆನಪಿರಲಿ, ಬುಟ್ಟಿಗೆ ಹಾಕಿದ ಫೈಲ್ ಹೋದಂಗೇ, ವಾಪಸ್ ತೆಗೆಯೋಕಾಗಲ್ಲ.

ಈಗ ಜೆಮ್/2 ವಿಚಾರ. ಮೊದಲನೇ ವರ್ಷನ್ ತನ್ನ ಮ್ಯಾಕಿಂಟಾಷ್ ಕಂಪ್ಯೂಟರ್ ಥರಾನೇ ಇದೆ ಅಂತ ಆಪಲ್ ಕೇಸ್ ಹಾಕೋ ಬೆದರಿಕೆ ಹಾಕ್ತು, ಡಿಜಿಟಲ್ ರಿಸರ್ಚ್ ರಾಜಿಗೆ ಒಪ್ಕೊಂಡು ಡೆಸ್ಕ್‌ಟಾಪನ್ನೇ ಬದಲಾಯಿಸ್ತು. ಕಸದ ಬುಟ್ಟಿ ಮಾಯ, ಐಕಾನ್ ಇಡೋ ಜಾಗ ಮಾಯ, ಅಲ್ಲಾಡದೇ ಇರೋ ಎರಡೇ ವಿಂಡೋ. ಒಂದನ್ನ ಮುಚ್ಚಿ ಇನ್ನೊಂದನ್ನ ತೆಗೀತಾ ಕೂತಾಗ ನಿಜವಾಗ್ಲೂ ಬೇಜಾರಾಯ್ತು ನಂಗೆ, ಚೆನ್ನಾಗಿ ಓಡ್ತಿದ್ದ ಕುದುರೆ ಕಾಲಿಗೆ ಹಗ್ಗ ಕಟ್ಟಿದಂಗೆ. ಆದ್ರೆ ಈ ರಾಜಿ ಪಿಸಿಗೆ ಮಾತ್ರ. ಅದೇ 1985ರಲ್ಲಿ ಬಂದ ಅಟಾರಿ ಎಸ್‌ಟಿ ಅನ್ನೋ ಬೇರೆ ಕಂಪ್ಯೂಟರ್ ಒಳಗಿದ್ದ ಜೆಮ್‌ನಲ್ಲಿ ಬುಟ್ಟಿ, ತೇಲೋ ವಿಂಡೋ ಎಲ್ಲಾ ಹಾಗೇ ಉಳ್ಕೊಂಡ್ವು, ಅದಕ್ಕೇ ಜೆಮ್ ಪೂರ್ತಿ ಬೆಳೆದಿದ್ದನ್ನ ನೋಡ್ಬೇಕಂದ್ರೆ ಅಟಾರಿ ಎಮ್ಯುಲೇಟರ್ ಹಾಕಿ ನೋಡಿ.

ಒಳಗಿನ ಕೆಲಸ ಇನ್ನೂ ಚೆಂದ. ಚಿತ್ರ ಬಿಡಿಸೋ ಭಾಗ ವಿಡಿಐ, ವಿಂಡೋ ಮೆನು ನೋಡ್ಕೊಳ್ಳೋದು ಎಇಎಸ್, ಎರಡೂ ಬೇರೆಬೇರೆ. ಪ್ರೋಗ್ರಾಂ ಗೆರೆ ಎಳಿ ಅಂತ ವಿಡಿಐಗೆ ಹೇಳಿದ್ರೆ ಸ್ಕ್ರೀನೋ ಪ್ರಿಂಟರೋ, ತಕ್ಕ ಡ್ರೈವರ್ ಇದ್ರೆ ಎರಡಕ್ಕೂ ಅದೇ ಆಜ್ಞೆ ಸಾಕು, ಒಂದೊಂದು ಪ್ರೋಗ್ರಾಂ ತನ್ನದೇ ಪ್ರಿಂಟರ್ ಡ್ರೈವರ್ ಹೊತ್ಕೊಂಡು ತಿರುಗ್ತಿದ್ದ ಡಾಸ್ ಕಾಲದಲ್ಲಿ ಇದು ಎಷ್ಟು ದೊಡ್ಡ ಅನುಕೂಲ ಯೋಚ್ನೆ ಮಾಡಿ. 1986ರ ವೆಂಚುರಾ ಪಬ್ಲಿಷರ್ ಜೆಮ್ ಮೇಲೇ ನಿಂತಿತ್ತು, ಪುಸ್ತಕದ ಪುಟ ಕಟ್ಟೋ ಕೆಲಸ ಪಿಸಿಯಲ್ಲೇ ಮಾಡೋ ಹಾಗಾಯ್ತು.

ಕೊರತೆ ಇದೆ. ಒಂದು ಸಲಕ್ಕೆ ಒಂದೇ ಪ್ರೋಗ್ರಾಂ, ಜೊತೆಗೆ ಗಡಿಯಾರ ಕ್ಯಾಲ್ಕುಲೇಟರ್ ಥರದ ಸಣ್ಣ ಆಕ್ಸೆಸರಿಗಳು ಮಾತ್ರ. ಫೈಲ್ ಹೆಸರು ಡಾಸ್‌ನ ಎಂಟು ಅಕ್ಷರ ಚುಕ್ಕಿ ಮೂರು ಅಕ್ಷರ.

ಮೊದಲನೇ ವರ್ಷನ್‌ಗೆ ಐದಕ್ಕೆ ನಾಲ್ಕು, ಜೆಮ್/2ಗೆ ಎರಡು. 1999ರಲ್ಲಿ ಕಾಲ್ಡೆರಾ ಕಂಪನಿ ಇದರ ಸೋರ್ಸ್ ಕೋಡನ್ನ ಜಿಪಿಎಲ್ (ಯಾರು ಬೇಕಾದ್ರೂ ಬಳಸಿ ಬದಲಾಯಿಸೋಕೆ ಬಿಡೋ ಲೈಸೆನ್ಸ್) ಕೆಳಗೆ ಬಿಡ್ತು, ಆ ಕೋಡಿಂದ ಬೆಳೆದ ಫ್ರೀಜೆಮ್ ಓಪನ್‌ಜೆಮ್ ಎರಡೂ ಫ್ರೀಯಾಗಿ ಸಿಗ್ತವೆ, ಓಪನ್‌ಜೆಮ್‌ನಿಂದ ಶುರು ಮಾಡಿದ್ರೆ ಸುಲಭ.