"ಮೀಟರ್ ನಮ್ಮದು, ನೀರು ಅವರದು": ಏಳು ವರ್ಷ ಬಳಸಿದ ಮೇಲೆ

ಖಾಸಗಿ ಕಂಪನಿ ನಡೆಸುವ ನಮ್ಮೂರಿನ ನಲ್ಲಿ ನೀರಿಗೆ ಐದಕ್ಕೆ ಮೂರೂವರೆ ಸ್ಟಾರ್. ಮೊದಲ ವರ್ಷ ಬರೆದಿದ್ದರೆ ಒಂದೇ ಕೊಡುತ್ತಿದ್ದೆ, ಮೂರನೇ ವರ್ಷ ಬರೆದಿದ್ದರೆ ಐದಕ್ಕೆ ಐದು.

ಪೈಪ್, ವಾಲ್ವ್, ಟ್ಯಾಂಕ್ ಎಲ್ಲ ಪಾಲಿಕೆಯ ಆಸ್ತಿ. ಹತ್ತು ವರ್ಷದ ಒಪ್ಪಂದದ ಮೇಲೆ ಅವನ್ನು ನಡೆಸುವುದು, ಮೀಟರ್ ಓದುವುದು, ಬಿಲ್ ವಸೂಲಿ ಖಾಸಗಿ ಕಂಪನಿಯ ಕೆಲಸ. ದರ ನಿಗದಿ ಮಾಡುವುದು, ಟ್ಯಾಂಕಿನವರೆಗೆ ನೀರು ತಂದುಕೊಡುವುದು ಪಾಲಿಕೆಯದು. ಮುಂದಿನ ರಗಳೆಯೆಲ್ಲ ಹುಟ್ಟಿದ್ದು ಈ ಹಂಚಿಕೆಯಿಂದಲೇ.

ಮೊದಲು ಮೀಟರ್ ಬಂತು, ನೀರು ಬರಲಿಲ್ಲ. ಮೀಟರ್ ಕೂರಿಸಿದ ಮೇಲೂ ಐದಾರು ತಿಂಗಳು ದಿನ ಬಿಟ್ಟು ದಿನವೇ ನೀರು ಬಿಡುತ್ತಿದ್ದರು. ಖಾಲಿ ಪೈಪಿಗೆ ನೀರು ನುಗ್ಗಿದಾಗ ಒಳಗಿದ್ದ ಗಾಳಿ ಮುಂದೆ ಓಡುತ್ತದೆ. ಮೀಟರಿನ ಚಕ್ರಕ್ಕೆ ಗಾಳಿ ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ, ಭರ್ರನೆ ತಿರುಗುತ್ತದೆ. ಒಂದು ಬೆಳಗ್ಗೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ವಿಡಿಯೊ ತೆಗೆದೆ: ನಲ್ಲಿ ಬುಸುಗುಡುತ್ತಿದೆ, ಒಂದು ಹನಿಯೂ ಬಿದ್ದಿಲ್ಲ, ಅಂಕಿ ಮಾತ್ರ ಓಡುತ್ತಿದೆ. ಕಂಪನಿಯ ಕೌಂಟರಿನ ಹುಡುಗ ಅದನ್ನು ಪೂರ್ತಿ ನೋಡಿ ತಣ್ಣಗೆ ಹೇಳಿದ, "ಸರ್, ಮೀಟರ್ ನಮ್ಮದು, ನೀರು ಅವರದು." ಪಾಲಿಕೆಗೆ ಹೋದರೆ, "ಬಿಲ್ ಕೊಟ್ಟವರನ್ನೇ ಕೇಳಿ" ಅಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಎನ್ನುವುದೇ ದೊಡ್ಡ ಕಿರಿಕಿರಿ.

ಒಪ್ಪಂದದ ಪ್ರತಿ ಕೇಳಿದೆ. ವಾಣಿಜ್ಯ ಗುಟ್ಟಂತೆ. ಇದು ನನ್ನೊಬ್ಬನ ಪಾಡಲ್ಲ ಎಂದು ಆಮೇಲೆ ಗೊತ್ತಾಯಿತು. ಬರ್ಲಿನ್ ನಗರ 1999ರಲ್ಲಿ ತನ್ನ ನೀರಿನ ಸಂಸ್ಥೆಯ ಶೇ 49.9ರಷ್ಟು ಪಾಲನ್ನು ಖಾಸಗಿಯವರಿಗೆ ಮಾರಿತ್ತು. ಆ ಒಪ್ಪಂದವನ್ನು ಪೂರ್ತಿ ಬಯಲು ಮಾಡಿ ಎಂದು 2011ರಲ್ಲಿ ಜನಮತಗಣನೆಯೇ ನಡೆದು ಗೆದ್ದಿತು. 2013ರ ಹೊತ್ತಿಗೆ ನಗರ ಆ ಪಾಲನ್ನೆಲ್ಲ ವಾಪಸ್ ಕೊಂಡಿತ್ತು.

ಎರಡನೇ ವರ್ಷ ಇಪ್ಪತ್ನಾಲ್ಕು ಗಂಟೆ ನೀರು ಶುರುವಾಯಿತು. ಹೊಗಳಲೇಬೇಕಾದ ಮಾತಿದು. ಪೈಪಿನಲ್ಲಿ ಸದಾ ಒತ್ತಡ ಇದ್ದರೆ ಅದು ಅಕ್ಕಪಕ್ಕದ ಕೊಳಕು ನೀರನ್ನು ಬಿರುಕಿನಿಂದ ಒಳಗೆ ಎಳೆದುಕೊಳ್ಳುವುದಿಲ್ಲ. ನೀರು ಬಿಟ್ಟಾಗ ಮೊದಲು ಬರುತ್ತಿದ್ದ ಕೆಂಪು ನೀರು ನಿಂತುಹೋಯಿತು. ಅಲಾರಾಂ ಇಟ್ಟು ಏಳುವುದು ತಪ್ಪಿತು. ಕಂಪನಿಯವರು ಜನ ಮಲಗಿದ ಮೇಲೆ, ನಡುರಾತ್ರಿ ಕಳೆದ ಹೊತ್ತಿನಲ್ಲಿ ಹರಿವನ್ನು ಅಳೆದು, ಆಗಲೂ ಹರಿಯುತ್ತಿದ್ದರೆ ಸೋರಿಕೆ ಎಂದು ಬೀದಿ ಬೀದಿ ಹುಡುಕುತ್ತಿದ್ದರು. ಅದೇ ಲೆಕ್ಕವನ್ನು ಮನೆಯಲ್ಲೂ ಮಾಡಬಹುದು: ಎಲ್ಲ ನಲ್ಲಿ ಬಂದ್ ಮಾಡಿ ಮೀಟರಿನ ಪುಟ್ಟ ಚಕ್ರ ನೋಡಿ. ನಮ್ಮದು ತಿರುಗುತ್ತಿತ್ತು. ಕಂಪನಿಯನ್ನು ಬೈಯಲು ಹೊರಟವನಿಗೆ ಸಿಕ್ಕಿದ್ದು ನಮ್ಮದೇ ಟ್ಯಾಂಕಿನ ಕೆಟ್ಟ ಫ್ಲೋಟ್ ವಾಲ್ವ್, ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸಬೇಕಾದದ್ದು.

ಸೋರಿಕೆ ಮೇಲೆ ಅವರಿಗೆ ಇಷ್ಟು ಅಕ್ಕರೆ ಏಕೆ? ಸೋರಿಕೆ ತಗ್ಗಿಸಿದಷ್ಟೂ ಅವರಿಗೆ ಹಣ. ಫಿಲಿಪ್ಪೀನ್ಸ್ ರಾಜಧಾನಿ ಮನಿಲಾದಲ್ಲಿ 1997ರಲ್ಲಿ ನಗರವನ್ನು ಎರಡು ಭಾಗ ಮಾಡಿ ಎರಡು ಕಂಪನಿಗೆ ಕೊಟ್ಟರು. ಪೂರ್ವ ಭಾಗದಲ್ಲಿ ಸೋರಿಯೋ ಕಳುವಾಗಿಯೋ ಬಿಲ್ಲಿನ ಲೆಕ್ಕಕ್ಕೆ ಸಿಗದ ನೀರು ಶೇ 63ರಿಂದ ಸುಮಾರು ಶೇ 11ಕ್ಕೆ ಇಳಿಯಿತು. ಪಶ್ಚಿಮದ ಕಂಪನಿ ಮಾತ್ರ ಕೆಲವೇ ವರ್ಷದಲ್ಲಿ ಕೈಚೆಲ್ಲಿತು. ಹಳೆಯ ವಿದೇಶಿ ಸಾಲದ ಶೇ 90ರಷ್ಟು ಅದರ ತಲೆಗೆ ಕಟ್ಟಿದ್ದರು, 1997ರಲ್ಲೇ ಅಲ್ಲಿನ ನಾಣ್ಯ ಪೆಸೊ ಕುಸಿದು ಆ ಸಾಲದ ಹೊರೆ ಉಬ್ಬಿತು. ಒಂದೇ ಊರು, ಒಂದೇ ವರ್ಷ. ಹಾಗಾಗಿ ಖಾಸಗಿ ವಾಸಿಯೋ ಸರ್ಕಾರ ವಾಸಿಯೋ ಎಂದು ಯಾರಾದರೂ ಕೇಳಿದರೆ, ಯಾರ ತಲೆಗೆ ಏನು ಕಟ್ಟಿದ್ದಾರೆ ಎಂದು ನಾನು ತಿರುಗಿ ಕೇಳುತ್ತೇನೆ.

ದೂರು ವಿಭಾಗಕ್ಕೆ ಅರ್ಧ ಸ್ಟಾರೂ ಹೆಚ್ಚು. ರಸ್ತೆ ಅಗೆದಾಗ ಒಡೆದ ಪೈಪು ಹತ್ತೊಂಬತ್ತು ದಿನ ಹರಿಯಿತು. ಅಷ್ಟರಲ್ಲಿ "ನಿಮ್ಮ ದೂರು ಪರಿಹಾರವಾಗಿದೆ" ಎಂದು ಮೂರು ಸಲ ಮೆಸೇಜ್. ದೂರನ್ನು ಎಷ್ಟು ಬೇಗ ಮುಚ್ಚಿದರು ಎನ್ನುವುದರ ಮೇಲೆ ಅವರ ಅಂಕ, ಪೈಪನ್ನು ಎಷ್ಟು ಬೇಗ ಮುಚ್ಚಿದರು ಎನ್ನುವುದರ ಮೇಲಲ್ಲ.

ಒಪ್ಪಂದ ಮುಗಿಯಲು ಇನ್ನು ಮೂರು ವರ್ಷ. ಮೊದಲೆಲ್ಲ ಹಳೆಯ ಪೈಪ್ ಒಡೆದರೆ ಆ ತುಂಡನ್ನೇ ತೆಗೆದು ಹೊಸದು ಹಾಕುತ್ತಿದ್ದರು. ಈ ವರ್ಷ ನಮ್ಮ ತಿರುವಿನ ಒಂದೇ ಜಾಯಿಂಟಿಗೆ ಮೂರನೇ ಸಲ ಕ್ಲಾಂಪ್ ಬಿಗಿದು ಹೋಗಿದ್ದಾರೆ. ಒಂದೂವರೆ ಸ್ಟಾರ್ ಕಡಿಮೆ ಮಾಡಿದ್ದು ಆ ಜಾಯಿಂಟ್ ನೋಡಿಕೊಂಡೇ.