ಇಂಗ್ಲೆಂಡಿನಲ್ಲಿ ಹೌಸಿಂಗ್ ಅಸೋಸಿಯೇಷನ್ ಮನೆಯಲ್ಲಿದ್ದೀರಾ? ಬರೀ ಫೋನ್ ಮಾಡಿ ಸುಮ್ನಿರಬೇಡಿ

ಇಲ್ಲಿ ಕೌನ್ಸಿಲ್ (ಸ್ಥಳೀಯ ಆಡಳಿತ) ಅಥವಾ ಹೌಸಿಂಗ್ ಅಸೋಸಿಯೇಷನ್ (ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ) ಮನೆಯಲ್ಲಿ ಬಾಡಿಗೆಗಿರುವ ಕನ್ನಡದವರು ದಯವಿಟ್ಟು ಇದನ್ನು ಓದಿ. ಗೋಡೆಯ ತೇವ, ಬೂಷ್ಟಿನಿಂದ ನಮಗೆ ಒಂದಿಡೀ ಚಳಿಗಾಲ ಹಾಳಾಯಿತು.

ಮಗಳ ಕೋಣೆಯ ಗೋಡೆ ಸದಾ ಒದ್ದೆ. ಬೀರು ಸರಿಸಿ ನೋಡಿದರೆ ಹಿಂದೆಲ್ಲ ಕಪ್ಪು ಬೂಷ್ಟು. ಬೀರುವಿನ ಹಿಂದಿನ ಹಲಗೆ ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗಾಗಿತ್ತು. ರಾತ್ರಿಯಿಡೀ ಅವಳಿಗೆ ಕೆಮ್ಮು. ರಿಪೇರಿ ನಂಬರಿಗೆ ಫೋನ್ ಮಾಡಿದೆವು. ಒಬ್ಬರು ಬಂದು ಸ್ಪ್ರೇ ಹೊಡೆದು, ಮೇಲೆ ಬಿಳಿ ಬಣ್ಣ ಬಳಿದು ಹೋದರು. ‘ಕೆಲಸ ಮುಗಿದಿದೆ’ ಅಂತ ಮೆಸೇಜ್ ಬಂತು. ಸ್ವಲ್ಪ ದಿನಕ್ಕೇ ಅದೇ ಜಾಗದಲ್ಲಿ ಮತ್ತೆ ಚುಕ್ಕಿಗಳು. ಮತ್ತೆ ಫೋನ್, ಮತ್ತೊಂದು ಜಾಬ್ ನಂಬರ್. ಒಮ್ಮೆಯಂತೂ ನಾವು ಮನೆಯಲ್ಲೇ ಇದ್ದರೂ ‘ಯಾರೂ ಬಾಗಿಲು ತೆಗೆಯಲಿಲ್ಲ’ ಅಂತ ಬರೆದು ಕೆಲಸವನ್ನೇ ರದ್ದು ಮಾಡಿದರು.

ಕೊನೆಗೆ ಬಂದ ಸರ್ವೇಯರ್ (ಮನೆ ಪರೀಕ್ಷೆ ಮಾಡುವವರು) ಗೋಡೆಗಿಂತ ಮೊದಲು ಅಡುಗೆಮನೆ ನೋಡಿದರು. ನೀವು ಅನ್ನ, ಸಾರು ಕುದಿಸೋದು ಜಾಸ್ತಿ, ಬಟ್ಟೆ ಒಳಗೇ ಒಣಗಿಸ್ತೀರಿ, ಕಿಟಕಿ ತೆಗೀರಿ ಅಂದರು. ಈ ಮಾತು ಕೇಳಿ ಸುಮ್ಮನಾಗಬೇಡಿ. ಇಲ್ಲಿನ ರಾಚ್‌ಡೇಲ್ ಊರಿನಲ್ಲಿ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ಮನೆಯ ಬೂಷ್ಟಿನಿಂದಲೇ ತೀರಿಕೊಂಡಿತು. ಮಗುವಿನ ಅಪ್ಪ ಬೂಷ್ಟಿನ ಬಗ್ಗೆ 2017ರಿಂದಲೇ ಹೇಳಿದ್ದರು. ಮನೆ ಕೊಟ್ಟವರು ಆ ಕುಟುಂಬದ ಅಡುಗೆ, ಸ್ನಾನದ ರೀತಿಯ ಮೇಲೆ ತಪ್ಪು ಹೊರಿಸಿದ್ದರು. ಹಾಗೆ ಹೊರಿಸಿದ್ದು ತಪ್ಪು ಅಂತ ಅವರು ಒಪ್ಪಿಕೊಂಡಿದ್ದು ಮಗು ಹೋದ ಮೇಲೆ. ಓದಿದಾಗ ಹೊಟ್ಟೆ ಉರಿಯಿತು.

ಆ ಮಗುವಿನ ಹೆಸರಿನ ‘ಅವಾಬ್ಸ್ ಲಾ’ ಅನ್ನುವ ಕಾನೂನು 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ತುರ್ತು ಅಪಾಯವಿದ್ದರೆ ಮನೆ ಕೊಟ್ಟವರು 24 ಗಂಟೆಯೊಳಗೆ ಬಂದು ನೋಡಿ ಅಪಾಯ ತಪ್ಪಿಸಬೇಕು. ತೇವ, ಬೂಷ್ಟು ಆರೋಗ್ಯ ಕೆಡಿಸುವಷ್ಟಿದ್ದರೆ ಹೇಳಿದ 10 ಕೆಲಸದ ದಿನದೊಳಗೆ ತನಿಖೆ ಮಾಡಬೇಕು. ಅಪಾಯ ಖಚಿತವಾದರೆ ಅಲ್ಲಿಂದ 5 ಕೆಲಸದ ದಿನದೊಳಗೆ ಮನೆ ಸುರಕ್ಷಿತ ಮಾಡಬೇಕು.

ಇನ್ನು ನಮಗೆ ಯಾರೂ ಹೇಳದಿದ್ದ ವಿಷಯ. ನಮ್ಮ ಫೋನುಗಳೆಲ್ಲ ಅವರ ಕಡತದಲ್ಲಿ ರಿಪೇರಿ ಕೋರಿಕೆ ಅಂತಲೇ ಇದ್ದವು. ದೂರು ಅಂತ ಒಂದೂ ಇರಲಿಲ್ಲ. ‘ದೂರು’ ಅನ್ನುವ ಪದ ಬಳಸದಿದ್ದರೂ ಅಸಮಾಧಾನ ಹೇಳಿದರೆ ಅದು ದೂರೇ ಅನ್ನುತ್ತದೆ ನಿಯಮ. ಆದರೂ ‘ಇದು ಸ್ಟೇಜ್ ಒನ್ ಕಂಪ್ಲೇಂಟ್’ (ಮೊದಲ ಹಂತದ ದೂರು) ಅಂತ ಈಮೇಲಿನಲ್ಲೇ ಬರೆಯಿರಿ. 5 ಕೆಲಸದ ದಿನದೊಳಗೆ ಸ್ವೀಕೃತಿ, ಆಮೇಲೆ 10 ಕೆಲಸದ ದಿನದೊಳಗೆ ಉತ್ತರ ಬರಬೇಕು. ಒಪ್ಪಿಗೆಯಾಗದಿದ್ದರೆ ಸ್ಟೇಜ್ ಟೂ, ಅಂದರೆ ಅವರಲ್ಲೇ ಎರಡನೇ ಹಂತದ ದೂರು. ಅಲ್ಲೂ ಆಗದಿದ್ದರೆ ಹೌಸಿಂಗ್ ಓಂಬುಡ್ಸ್‌ಮನ್, ಅಂದರೆ ಇಂಥ ಮನೆಗಳ ದೂರು ವಿಚಾರಿಸುವ ಸ್ವತಂತ್ರ ಸಂಸ್ಥೆ. ಅದಕ್ಕೆ ಒಂದು ಪೆನ್ನಿಯೂ ಖರ್ಚಿಲ್ಲ, ವಕೀಲರೂ ಬೇಡ. ತಾರೀಖು ಕಾಣುವ ಫೋಟೋ, ಡಾಕ್ಟರ್ ಪತ್ರ, ಪ್ರತಿ ಜಾಬ್ ನಂಬರ್ ಎಲ್ಲ ಒಂದೇ ಕಡೆ ಇಟ್ಟುಕೊಳ್ಳಿ.

ನಾವು ಸ್ಟೇಜ್ ಟೂಗೆ ಹೋದ ಮೇಲೆ ಏಣಿ ಹಾಕಿ ಹೊರಗೋಡೆ ನೋಡಿದರು. ಸೂರಿನ ಅಂಚಿನ ಗಟರ್ (ಮಳೆನೀರಿನ ದೋಣಿ) ಒಡೆದು ಮಳೆನೀರು ನೇರವಾಗಿ ಗೋಡೆಗೇ ಇಳಿಯುತ್ತಿತ್ತು. ನಮ್ಮ ಸಾರಿಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ.

ಒಂದು ಮಾತು, ಕೆಲವರು ‘ಬಾಡಿಗೆ ಕೊಡೋದು ನಿಲ್ಲಿಸಿ, ತಾವಾಗೇ ಬರ್ತಾರೆ’ ಅಂತಾರೆ. ಖಂಡಿತ ಬೇಡ. ಬಾಕಿ ಬಿದ್ದರೆ ಮನೆ ಬಿಡಿಸುವ ಕೇಸು ನಿಮ್ಮ ಮೇಲೇ ಬರುತ್ತದೆ.